ಮೊದಲ ಮರಿ ಯಾರದು

ಭೀಮಾತೀರದ ಕುದುರೆ ತಳಿ ಉಳಿಸುವ ಸಂಸ್ಥೆಯವರು ವಿಧವೆ ದಾವಲಬೀಗೆ ಹೆಣ್ಣು ಕುದುರೆಯೊಂದನ್ನು ಪುಕ್ಕಟೆ ಕೊಟ್ಟಿದ್ದರು. ಕಾಲುವೆ ಕೆಳಗಿನ ಹೊಲಗಳ ತರಕಾರಿಯನ್ನು ಅದರ ಬೆನ್ನಿಗೆ ಹೇರಿ ಶಹಾಪುರದ ಸಂತೆಗೆ ಒಯ್ದು ಅವಳು ಬದುಕುತ್ತಿದ್ದಳು. ಷರತ್ತು ಒಂದೇ: ಮೊದಲ ಮರಿ ಹೆಣ್ಣಾದರೆ, ಹಾಲು ಬಿಟ್ಟ ಮೇಲೆ, ಇನ್ನೂ ತಲೆಯ ಮೇಲೆ ಬುಟ್ಟಿ ಹೊರುವ ಕರೆಮ್ಮನಿಗೆ ಕೊಡಬೇಕು. ಗಂಡಾದರೆ ದಾವಲಬೀಗೇ.

ಈಗ ಕುದುರೆ ನೆಲಕ್ಕೆ ಬಿದ್ದು ತಿಣುಕುತ್ತಿತ್ತು. ಮರಿಯ ಮೂತಿ ಮತ್ತು ಒಂದೇ ಕಾಲು ಹೊರಬಂದಿದ್ದವು. ದನದ ಡಾಕ್ಟರು ಬರಲು ಇನ್ನೂ ಒಂದು ತಾಸು ಬೇಕಿತ್ತು. ನೆರವಿಗೆ ಬಂದಿದ್ದ ಕರೆಮ್ಮ ಆ ಕಾಲಿಗೆ ಹಗ್ಗ ಬಿಗಿದು ಎಳೆಯತೊಡಗಿದಳು.

"ಎಳೀಬ್ಯಾಡ! ನಿನಗ ಮರಿ ಸಿಗತೈತಿ, ನನ್ನ ಕುದುರಿ ಹರದು ಸಾಯ್ತೈತಿ!" ದಾವಲಬೀ ಕೂಗಿದಳು.

ಕರೆಮ್ಮ ಅವಳನ್ನೇ ನೋಡಿದಳು. ಹಗ್ಗ ಬಿಟ್ಟಳು. "ಹಂಗಾದ್ರ ಏನ್ ಮಾಡ್ಲಿ ಹೇಳ್ರಿ ಅಕ್ಕಾ."

"ಕುದುರಿ ತಲಿ ಹಿಡಿ."

ದಾವಲಬೀ ಮೊಣಕೈತನಕ ಎಣ್ಣೆ ಬಳಿದುಕೊಂಡು ಮರಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲು ಸಿಕ್ಕಿತು. ಕುದುರೆ ಮುಕ್ಕಿರಿದಾಗ ಅವಳ ಕೈಯೇ ಮುರಿದಂತಾಯಿತು. ಗೊರಸನ್ನು ಅಂಗೈಯಲ್ಲಿ ಮುಚ್ಚಿ ಕಾಲನ್ನು ನೇರ ಮಾಡಿದಳು. ಮರಿ ಜಾರಿ ಹೊರಬಿತ್ತು, ಸೀನಿತು.

ತಾಯಿ ಕತ್ತೆತ್ತಿ ಮೂಸಿತು. ಕರೆಮ್ಮನೇ ಮರಿಯ ಕಾಲು ಸರಿಸಿ ನೋಡಿದಳು.

"ಗಂಡು."

ದಾವಲಬೀ ತುಟಿ ಬಿಗಿಹಿಡಿದು ಮುಖ ತಿರುವಿದಳು.

ಕರೆಮ್ಮ ಸೆರಗಿನಿಂದ ಮರಿಯ ಮೈ ಒರೆಸತೊಡಗಿದಳು. "ನಗು ಬಂದ್ರ ನಗ್ರಿ ಅಕ್ಕಾ. ನಿಮ್ಮ ಜಾಗದಾಗ ನಾನಿದ್ರೂ ನಗತಿದ್ದೆ."