ಆರಿಸದೆ ಬಿಟ್ಟ ಯಂತ್ರ

ಗುರುಸಿದ್ಧನನ್ನು ಮಣ್ಣು ಮಾಡಿ ಬಂದ ಮರುದಿನ ಹಾಲಿನವನು ಎಂದಿನಂತೆ ಬಂದ. ಹೆಂಡತಿ ನೀಲಗಂಗಾ ಎರಡು ಪಾಕೀಟು ತೆಗೆದುಕೊಂಡು, ಒಂದನ್ನು ಹಿಂದಕ್ಕೆ ಕೊಟ್ಟಳು. ಆಮೇಲೆ ಗಂಡನ ಮೇಜಿಗೆ ಬಂದಳು. ನಾನು ಇನ್ನೂ ಚಾಲೂ ಇದ್ದೆ.

ನಾನು ಒಂದು ಹಳೆಯ ಕಂಪ್ಯೂಟರ್. ಹುಟ್ಟಿದ್ದು ಹೊರದೇಶದ ಕಾರ್ಖಾನೆಯಲ್ಲಿ. ಧಾರವಾಡದ ಗುಜರಿಯಲ್ಲಿ ಬಿದ್ದಿದ್ದವನನ್ನು ಗುರುಸಿದ್ಧ ತಂದು ಬೆಸುಗೆ ಹಾಕಿ ಎಬ್ಬಿಸಿದ. ನನಗಿಂತ ಹಳೆಯದೊಂದು ಕಂಪ್ಯೂಟರಿನ ವೇಷ ಹಾಕಲು ಕಲಿಸಿದ. ಅದರ ಒಂದು ಹೆಜ್ಜೆಗೆ ನಾನು ಇಪ್ಪತ್ತು ಹೆಜ್ಜೆ ಇಡಬೇಕು. ವೇಷ ತೊಟ್ಟರೆ ನನ್ನ ನೆನಪು ಭರ್ತಿ. ಫ್ಲಾಪಿಗೆ ಬರೆಯುವಷ್ಟೂ ಜಾಗ ಉಳಿಯದು. ಕಳಚಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ.

ಆ ವೇಷ, ಅವನಿಗೆ ಶಾಲೆಯಲ್ಲಿ ಕಲಿಸಿದ ಹಂಪಿಹೊಳಿ ಸರ್‌ಗಾಗಿ. ಅವರ ಹೆಂಡತಿ, ತೀರಿಕೊಂಡ ಗಿರಿಜಕ್ಕ ಟೀಚರ್, ರಂಗೋಲಿ ಬಿಡಿಸುವ ಪ್ರೋಗ್ರಾಮೊಂದನ್ನು ಬರೆದಿದ್ದರು. ಅದಿದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಗುರುಸಿದ್ಧ ಅದನ್ನು ಸರ್ ಹತ್ತಿರ ಕೇಳಿ ತಂದಿದ್ದ. ಟೇಪು ಒಮ್ಮೆ ಪೂರ್ತಿ ಓಡಿ, ಪ್ರೋಗ್ರಾಮನ್ನು ನನ್ನೊಳಗೆ ಇಳಿಸಿ, ತುಂಡಾಗಿ, ಪುಡಿ ಉದುರಿಸಿತು. ಅವನು ನನ್ನ ಮೇಲೆ ಚೀಟಿ ಅಂಟಿಸಿದ: ‘ಆರಿಸಬ್ಯಾಡ ನೀಲಾ. ಇನ್ನ ಇದರಾಗಷ್ಟ ಉಳಿದದ.’ ಆ ಮಧ್ಯಾಹ್ನವೇ ಅವನ ಎದೆ ನಿಂತಿತು.

ಅತ್ತೆ ಬಾಗಿಲಿಗೆ ಬಂದರು. “ಅದನ್ನರೆ ಬಂದ್ ಮಾಡವಾ. ಗುಂಯ್ ಅಂತದ.”

“ಹತ್ತಕ್ಕ ತಾನ ಬಂದ್ ಆಗ್ತದ ಅತ್ತಿ. ಪೇಪರ್‌ನ್ಯಾಗ ಬಂದದ, ಕರೆಂಟ್ ತಗೀತಾರ.”

ಆಗ ಏಳೂಕಾಲು. ಅವಳು ನೋಟುಬುಕ್ಕು ತೆರೆದಳು. ಕಂಪ್ಯೂಟರು ಅವಳ ವಿಷಯವಲ್ಲ. ಯುನಿವರ್ಸಿಟಿಯಲ್ಲಿ ಕಲಿತದ್ದು ಶಾಸನ. ಹಾಗಾಗಿ ಶಾಸನದಂತೆಯೇ ನಕಲು ಮಾಡಿದಳು: ಅಕ್ಷರಕ್ಕೆ ಅಕ್ಷರ, ತಪ್ಪೆನಿಸಿದರೂ ತಿದ್ದದೆ. ನಾನು ಒಂದೊಂದೇ ಸಾಲನ್ನು ತೆರೆಗೆ ಎಳೆದು ತಂದೆ. ಎಷ್ಟು ಏದುಸಿರು ಬಿಟ್ಟರೂ ಬೇಗ ಬರುತ್ತಿರಲಿಲ್ಲ. ಎರಡು ಸಲ ದೀಪ ಮಂಕಾಯಿತು. ಅವಳು ತಲೆ ಎತ್ತಲಿಲ್ಲ. ಕೊನೆಯ ಸಾಲಿನ ಮೇಲೆ ಅವಳ ಕಣ್ಣಿದ್ದಾಗಲೇ ಕರೆಂಟು ಹೋಯಿತು. ನಾನು ಬರಿದಾದೆ. ಪೆನ್ನು ಇನ್ನೂ ಓಡುತ್ತಿತ್ತು.

ಈಗ ನನ್ನ ಮೇಲೊಂದು ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದಾರೆ. ಬೇರೆಯವರ ನೆನಪು ಹೊತ್ತವನಿಗೆ ಖಾಲಿಯಾಗುವುದು ಸುಲಭವಲ್ಲ. ಆದರೂ ಆ ಬೆಳಗಿನ ನೆನಪಷ್ಟು ನನ್ನದೇ ಆಗಿ ಉಳಿದಿದೆ.

ಸರ್ ಮಾತಾಡಿಸಲು ಬಂದರು. ಕ್ಯಾಸೆಟ್ಟಿನ ಸುದ್ದಿ ಎತ್ತಲಿಲ್ಲ. ನೀಲಗಂಗಾಳೇ ಅದನ್ನು ತಂದು ಕೊಟ್ಟಳು, ಮೇಲೆ ನೋಟುಬುಕ್ಕಿಟ್ಟು.

“ಟೇಪ್ ಉಳೀಲಿಲ್ಲ ಸರ್. ಅಕ್ಕಾರು ಬರದದ್ದು ಉಳೀತು.”

ಅವರು ಹಾಳೆ ತಿರುವುತ್ತ ಒಂದು ಕಡೆ ನಿಂತರು. ಲೆಕ್ಕದ ಸಾಲುಗಳ ನಡುವೆ, ಇಂಗ್ಲಿಷ್ ಅಕ್ಷರದಲ್ಲಿ ಗಿರಿಜಕ್ಕನ ಕನ್ನಡ: ‘ರೀ, ಇದಕ್ಕ ಕೈ ಹಚ್ಚಬ್ಯಾಡ್ರಿ.’

“ಹಚ್ಚಿದ್ದೆ,” ಎಂದರು ಸರ್. “ಎರಡು ದಿನ ಮಾತಾಡ್ಲಿಲ್ಲ ಅಕಿ.”

ನೀಲಗಂಗಾ ನನ್ನ ಮೇಲಿನ ಚೀಟಿಯನ್ನು ಮೆಲ್ಲಗೆ ಬಿಡಿಸಿ ಮುಷ್ಟಿಯಲ್ಲಿ ಇಟ್ಟುಕೊಂಡಳು.