ಖಂಡೇ ಪೂಜೆಯ ದಾರ

ಗದಿಗೆವ್ವನ ಆರು ಚೀಲ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಒಳಗೆ ಹೋದಾಗ ಕುಂಕುಮದ ಬಣ್ಣವಿತ್ತು. ಹೊರಗೆ ಬಂದಾಗ ಒಣಹುಲ್ಲಿನ ಬಣ್ಣವಿತ್ತು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಬಣ್ಣ ಹೋದ ಕಾಯಿಯನ್ನು ದಲಾಲರು ಮುಟ್ಟಿಯೂ ನೋಡುವುದಿಲ್ಲ.

ಆ ಚೀಲಗಳನ್ನು ಮಾರ್ಚಿನಲ್ಲಿ ಆಕೆಯ ಗಂಡ ಕಾಗಿನೆಲೆ ಹಾದಿಯ ಹೊಲದಿಂದ ಚಕ್ಕಡಿಯಲ್ಲಿ ತಂದು ಇಟ್ಟಿದ್ದ. ಮೇ ತಿಂಗಳಲ್ಲಿ ಅವನು ತೀರಿಕೊಂಡ. ಚೀಲಗಳು ಹೊರಗೆ ಬಂದ ದಿನ ಹಮಾಲ ಚೂರಿ ತೆಗೆದು ಬಾಯಿ ಕೊಯ್ಯಲು ಹೋದಾಗ ಗದಿಗೆವ್ವ ತಡೆದಳು.

"ಕೊಯ್ಯಬ್ಯಾಡೋ ಯಪ್ಪಾ. ಅವರ ಕೈಗಂಟು ಅದು."

ಆರೂ ಗಂಟುಗಳನ್ನು ಉಗುರಿನಿಂದ, ಹಲ್ಲಿನಿಂದ ಬಿಚ್ಚಿದಳು. ಆರೂ ಚೀಲಗಳಿಂದ ಬೂಸಲು ವಾಸನೆ ಬಂತು. ಆಕೆ ಅಳಲಿಲ್ಲ. ಅತ್ತಿದ್ದರೆ ನೋಡುವವರಿಗಾದರೂ ಸಮಾಧಾನವಾಗುತ್ತಿತ್ತು.

ಯೂಸುಫಸಾಬ ಇದನ್ನೆಲ್ಲ ಹಿಂಬದಿಯ ಜನರೇಟರ್ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ. ಆ ಯಂತ್ರವನ್ನು ಹದಿನಾಲ್ಕು ವರ್ಷದಿಂದ ಅವನೇ ನೋಡಿಕೊಂಡು ಬಂದಿದ್ದ. ಕರೆಂಟು ಹೋದರೆ ಅದನ್ನು ಓಡಿಸುವುದು, ಎಣ್ಣೆ ಬದಲಿಸುವುದು, ಸೋಮವಾರಕ್ಕೊಮ್ಮೆ ಮೈ ಒರೆಸಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಅದೇ ಕಂಪೌಂಡಿನ ಎರಡು ಖೋಲಿಗಳಲ್ಲಿ ಅವನೂ ಹೆಂಡತಿ ಕುಲ್ಸುಮಬಿಯೂ ಇದ್ದರು.

ಏಪ್ರಿಲ್‌ನಲ್ಲಿ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಒಂಬತ್ತು ದಿನ ಕರೆಂಟು ಇರಲಿಲ್ಲ. ಜನರೇಟರ್ ಇರುವುದೇ ಅಂಥ ದಿನಕ್ಕೆ. ಆದರೆ ಟಾಕಿಯಲ್ಲಿ ಒಂದು ಹನಿ ಡೀಸೆಲ್ ಇರಲಿಲ್ಲ. ಯೂಸುಫಸಾಬ ಕೋಲ್ಡ್ ಸ್ಟೋರೇಜಿನ ಮಾಲೀಕ ಸಾವುಕಾರ ಪ್ರಭುಲಿಂಗಪ್ಪನನ್ನು ಕೇಳಿದ. ಸಾವುಕಾರ ಮಗನನ್ನು ಕೇಳು ಅಂದ. ಮಗ ಪ್ರವೀಣಕುಮಾರ, "ಬಾಗಲಾ ತೆರೀಬ್ಯಾಡ, ಒಳಗ ತಣ್ಣಗ ಇರತೈತಿ" ಅಂದ.

ಐದನೆಯ ದಿನ ರಾಣೆಬೆನ್ನೂರಿನಿಂದ ಒಬ್ಬ ಎಲೆಕ್ಟ್ರಿಷಿಯನ್ ಬಂದ. ಯಂತ್ರ ಎಷ್ಟು ತಾಸು ಓಡಿತೆಂದು ತೋರಿಸುವ ಹೊಸ ಮೀಟರ್ ಕೂಡಿಸಿದ. ಅದರ ವೈರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟು, ನಡುವೆ ಒಂದು ಸಣ್ಣ ಸ್ವಿಚ್ಚು ಹಾಕಿ ಹೋದ. ಅಂದಿನಿಂದ ಪ್ರವೀಣಕುಮಾರ ಬೇಕೆಂದಾಗ ಆ ಸ್ವಿಚ್ಚು ಒತ್ತುತ್ತಿದ್ದ. ಯಂತ್ರ ನಿಂತಿರುತ್ತಿತ್ತು, ಮೀಟರ್ ಓಡುತ್ತಿತ್ತು. ದುಡಿಯದೆಯೇ ಯಂತ್ರಕ್ಕೆ ವಯಸ್ಸಾಯಿತು.

"ಮೀಟರ್ ತೋರಿಸಿದಷ್ಟು ಪುಸ್ತಕದಾಗ ಬರಿ. ಸಹಿ ಮಾಡು" ಅಂದ ಸಾವುಕಾರ.

ಯೂಸುಫಸಾಬ ಬರೆದ. ಸಹಿ ಮಾಡಿದ. ಎಣ್ಣೆ ಎರಡು ಸಲ ಬದಲಿಸಿದ್ದಾಗಿ ಬರೆ ಅಂದರು. ಅದನ್ನೂ ಬರೆದ.

ಆ ಕೋಣೆಯಲ್ಲಿ ಎಲ್ಲರೂ ಮರೆತ ಒಂದು ವಸ್ತು ಇತ್ತು. ದಸರೆಯ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಸಾವುಕಾರ ತಾನೇ ಮಡಿಯಲ್ಲಿ ಬಂದು ಯಂತ್ರಕ್ಕೆ ವಿಭೂತಿ ಹಚ್ಚಿ, ಫ್ಯಾನಿನ ಎಲೆಯಿಂದ ಮುಂದಿನ ಜಾಲರಿಗೆ ಒಂದು ಅರಿಷಿಣದ ದಾರ ಕಟ್ಟಿ, ಗಂಟಿನಲ್ಲಿ ಬನ್ನಿ ಎಲೆ ಸಿಗಿಸುತ್ತಿದ್ದ. ಆ ದಾರವನ್ನು ಕೈಯಿಂದ ಹರಿಯಬಾರದು, ದುಡಿಮೆಯೇ ಹರಿಯಬೇಕು ಎಂಬುದು ಅವನ ತಂದೆ ಹಾಕಿದ, ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಪ್ರತಿ ವರ್ಷ ಎಂಟು ದಿನದೊಳಗೆ ಯಂತ್ರ ಒಂದು ಸುತ್ತು ತಿರುಗಿ ದಾರ ಹರಿಯುತ್ತಿತ್ತು. ಕಳೆದ ದಸರೆಯಲ್ಲಿ ಕಟ್ಟಿದ ದಾರ ಮಾತ್ರ ಇನ್ನೂ ಹಾಗೇ ಇತ್ತು. ಬನ್ನಿ ಎಲೆ ಒಣಗಿ ಗಂಟಿಗೆ ಅಂಟಿಕೊಂಡಿತ್ತು. ಯೂಸುಫಸಾಬ ಪ್ರತಿ ಸೋಮವಾರ ಅದನ್ನು ಬಿಟ್ಟು ಸುತ್ತಲೂ ಒರೆಸುತ್ತಿದ್ದ. ದೇವರ ದಾರ ಯಾರು ಕಟ್ಟಿದರೂ ದೇವರದೇ.

ಕಾಯಿ ಕೆಟ್ಟ ಮೂವತ್ತೇಳು ಮಂದಿ ರೈತರು ಪರಿಹಾರಕ್ಕೆ ಅರ್ಜಿ ಕೊಟ್ಟರು. ಜೂನ್ ತಿಂಗಳ ಒಂದು ಸೋಮವಾರ ಹಾವೇರಿಯಿಂದ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಅಂದು ಬೆಳಿಗ್ಗೆ ಕುಲ್ಸುಮಬಿ ಗಂಡನಿಗೆ ಚಹಾ ಕೊಡುತ್ತ ಕೇಳಿದ್ದಳು.

"ನಾಳೆ ಅಲ್ಲಾ ಕೇಳಿದ್ರ ಸಾವ್ಕಾರ್ರು ಬರಿ ಅಂದಿದ್ರು ಅಂತೀರೇನು?"

"ನೀ ಚಹಾದಾಗ ಸಕ್ಕರಿ ಹಾಕಿಲ್ಲ."

"ಹಾಕೇನಿ. ನಿಮ್ಮ ಬಾಯಿ ಕೆಟ್ಟೈತಿ."

ಅಧಿಕಾರಿ ಆಫೀಸಿನಲ್ಲಿ ಕುಳಿತು ಪುಸ್ತಕ ತಿರುವಿ ಹಾಕಿ, ಎದುರಿಗೆ ನಿಂತ ರೈತರ ಕಡೆ ನೋಡಿದರು.

"ನಾಲ್ಕು ನೂರಾ ಹನ್ನೆರಡು ತಾಸು ಓಡೈತಿ. ಎರಡು ಸಲ ಎಣ್ಣಿ ಬದಲಿ. ಎಲ್ಲಾ ಸೋಮವಾರಾನೂ ಸಹಿ ಐತಿ. ನೀವು ಕಾಯಿ ಹಸೀದು ತಂದಿಟ್ಟೀರಿ ನೋಡ್ರಿ, ಅದಕ್ಕ ಕೆಟ್ಟೈತಿ."

"ಊಟಕ್ಕ ಏಳ್ರಿ ಸಾಹೇಬ್ರ, ಹೋಳಿಗಿ ಆರತಾವು" ಅಂದ ಪ್ರವೀಣಕುಮಾರ.

ಗದಿಗೆವ್ವ ಬಾಗಿಲಲ್ಲಿ ನಿಂತಿದ್ದಳು. "ಇಷ್ಟು ದುಡದ ಮಶೀನಿನ ಮಕಾ ಆದರೂ ನೋಡೂಣ್ರಿ" ಅಂದಳು.

ಸಾವುಕಾರ ನಕ್ಕ. "ನೋಡಬೇ, ನೋಡು. ಯಾರ ಬ್ಯಾಡ ಅಂದಾರ?"

ಎಲ್ಲರೂ ಕೋಣೆಗೆ ಬಂದರು. ಒಳಗೆ ಹಿಡಿಯದವರು ಕಿಡಕಿಯಲ್ಲಿ ನಿಂತರು. ಯಂತ್ರ ಥಳಥಳ ಹೊಳೆಯುತ್ತಿತ್ತು. ಅಧಿಕಾರಿ ಮೀಟರ್ ನೋಡಿ, ಪುಸ್ತಕ ನೋಡಿ, ತಲೆಯಾಡಿಸಿದರು.

ಗದಿಗೆವ್ವ ಮೀಟರ್ ನೋಡಲಿಲ್ಲ. ಆಕೆಗೆ ಓದಲು ಬರುತ್ತಿರಲಿಲ್ಲ. ಯೂಸುಫಸಾಬನ ಮುಖ ನೋಡಿದಳು.

"ಯೂಸುಫಣ್ಣ, ಇದು ಓಡಿತ್ತೇನು?"

ಯೂಸುಫಸಾಬ ಕೈಯಲ್ಲಿದ್ದ ಅರಿವೆಯನ್ನು ನಾಲ್ಕು ಮಡಿಕೆ ಮಾಡಿದ. ಬಿಚ್ಚಿದ. ಮತ್ತೆ ಮಡಚಿದ. ಹೌದು ಅಂದರೆ ಖೋಲಿ ಉಳಿಯುತ್ತಿತ್ತು, ಈ ಮೂವತ್ತೇಳು ಮನೆಗಳ ಬಾಯಿಗೆ ಮಣ್ಣು ಬೀಳುತ್ತಿತ್ತು. ಅವನಿಗೆ ಆಕೆಯ ಹಲ್ಲಿನ ಗುರುತು ಬಿದ್ದ ಸುತಳಿ ನೆನಪಾಯಿತು.

"ಸಹಿ ನಂದು, ಸಾಹೇಬ್ರ" ಅಂದ. "ದಾರ ಸಾವ್ಕಾರ್ರದು."

"ಯಾವ ದಾರೋ?" ಅಂದರು ಅಧಿಕಾರಿ.

ಅವನು ಫ್ಯಾನಿನ ಕಡೆ ಕೈ ಮಾಡಿದ. "ಖಂಡೇ ಪೂಜಿಗೆ ಸಾವ್ಕಾರ್ರ ಕಟ್ಟಿದ್ದು. ಮಶೀನು ಒಂದ್ ಸುತ್ತು ತಿರುಗಿದ್ರ ಹರೀತೈತಿ. ಇನ್ನೂ ಹರದಿಲ್ರಿ."

ಎಲ್ಲರೂ ದಾರ ನೋಡಿದರು. ಬಳಿಕ ಸಾವುಕಾರನನ್ನು ನೋಡಿದರು.

"ಅದು ಮೊನ್ನೆ ಕಟ್ಟಿದ್ದು" ಅಂದ ಸಾವುಕಾರ.

"ಮೊನ್ನೆ ಯಾ ಹಬ್ಬ ಇತ್ರಿ ಸಾವ್ಕಾರ್ರ?" ಅಂದಳು ಗದಿಗೆವ್ವ. "ಕಾರಹುಣ್ಣಿವಿಗೆ ಬನ್ನಿ ಮುಡಿಯೂದು ನಿಮ್ಮನಿ ಪದ್ಧತಿ ಏನು?"

ಕಿಡಕಿಯಲ್ಲಿದ್ದವರು ನಕ್ಕರು. ಪ್ರವೀಣಕುಮಾರ ದಾರಕ್ಕೆ ಕೈ ಚಾಚಿದ. ಗದಿಗೆವ್ವ ಅಡ್ಡ ನಿಂತಳು.

"ಕೈ ತಗಿ ತಮ್ಮಾ. ದುಡಿಮಿ ಹರೀಬೇಕು ಅಂತ ನಿಮ್ಮಜ್ಜ ಹೇಳಿದ್ದು. ಕೇಳು ನಿಮ್ಮಪ್ಪನ್ನ."

ಪ್ರವೀಣಕುಮಾರ ತಂದೆಯ ಕಡೆ ನೋಡಿದ. ಸಾವುಕಾರನ ಬಾಯಿಂದ 'ಹರಿ' ಎಂಬ ಮಾತು ಹೊರಡಲಿಲ್ಲ. ಅವನು ದೇವರಿಗೆ ಹೆದರುವ ಮನುಷ್ಯ. ರೈತರಿಗೆ ಹೆದರಿ ಅಭ್ಯಾಸವಿರಲಿಲ್ಲ.

ಯೂಸುಫಸಾಬ ಸಣ್ಣ ಸ್ವಿಚ್ಚು ಒತ್ತಿದ. "ಆರು ಮಿನಿಟು ನಿಲ್ರಿ ಸಾಹೇಬ್ರ. ಕಡೀ ಅಂಕಿ ನೋಡಕೋತ ಇರ್ರಿ."

ಎಲ್ಲರೂ ಮೀಟರಿನ ಕಡೆ ಬಾಗಿದರು. ಯಂತ್ರ ಮಿಸುಕಲಿಲ್ಲ. ಆರು ಮಿನಿಟಿಗೆ, ಅಂದರೆ ತಾಸಿನ ಹತ್ತನೆಯ ಒಂದು ಪಾಲಿಗೆ, ಕಡೆಯ ಅಂಕಿ ಒಂದು ಮನೆ ಮುಂದೆ ಹೊರಳಿತು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಾದ್ರ ಸುಳ್ಳು ಬರದಾಂವ ನೀನೇ. ಕೇಸು ಮೊದಲ ನಿನ್ನ ಮ್ಯಾಲೆ ಬರತೈತಿ."

"ಬರಲ್ರಿ."

"ನೌಕರಿ ಹೋಕ್ಕೈತಿ."

"ಆಗಲೇ ಹೋಗೇತ್ರಿ. ಸಾವ್ಕಾರ್ರ ಮಕಾ ನೋಡ್ರಿ."

ಅಧಿಕಾರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, "ಹಾವೇರಿಗೆ ಹೋಗಿ ವಿಚಾರ ಮಾಡತೇನಿ" ಅಂದರು. ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಜಾಗ ಇರಲಿಲ್ಲ. ಮೂವತ್ತೇಳು ಮನೆಯವರು ಹೊಸ್ತಿಲಿನಿಂದ ಜೀಪಿನವರೆಗೆ ಕುಳಿತುಬಿಟ್ಟಿದ್ದರು.

"ವಿಚಾರ ಇಲ್ಲೇ ಮಾಡ್ರಿ" ಅಂದಳು ಗದಿಗೆವ್ವ. "ಹೋಳಿಗಿ ಹೆಂಗೂ ಆರ್ಯಾವು."

ಯೂಸುಫಸಾಬ ಪುಸ್ತಕಕ್ಕಾಗಿ ಕೈ ನೀಡಿದ. ಬಾಗಿಲು ತುಂಬ ಕುಳಿತವರನ್ನು ನೋಡಿ ಅಧಿಕಾರಿ ಕೊಟ್ಟರು. ಅಂದು ಸೋಮವಾರ, ಅವನು ಬರೆಯುವ ದಿನ. ತಾರೀಖು ಹಾಕಿದ. 'ದಸರೆಯಿಂದ ಇಂದಿನವರೆಗೆ ಯಂತ್ರ ಓಡಿಲ್ಲ. ಎಣ್ಣೆ ಬದಲಿಸಿಲ್ಲ. ಹಿಂದೆ ಬರೆದದ್ದು ಸುಳ್ಳು' ಎಂದು ಬರೆದು ಸಹಿ ಮಾಡಿದ. ಕಿಡಕಿಯಲ್ಲಿದ್ದವನೊಬ್ಬ, "ನಂದೂ ಹಾಕತೇನಿ, ತಾ ಇಲ್ಲೆ" ಅಂದ. ಪುಸ್ತಕ ಕೈಯಿಂದ ಕೈಗೆ ಹೋಯಿತು.

ಗದಿಗೆವ್ವನ ಸರದಿ ಬಂದಾಗ ಹೆಬ್ಬೆಟ್ಟು ಒತ್ತಲು ಮಸಿ ಇರಲಿಲ್ಲ. ಆಫೀಸಿನಲ್ಲಿದ್ದ ಮಸಿಯ ಡಬ್ಬಿಯನ್ನು ಕೊಡಲು ಪ್ರವೀಣಕುಮಾರ ಒಪ್ಪಲಿಲ್ಲ.

ಯೂಸುಫಸಾಬ ಯಂತ್ರದ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆ ಎಳೆದ. ಎರಡು ಸಲ ಬದಲಿಸಿದ್ದೆಂದು ಬರೆದಿದ್ದ ಎಣ್ಣೆ ಕಾಡಿಗೆಯಷ್ಟು ಕಪ್ಪಗಿತ್ತು. ಅದನ್ನು ಆಕೆಯ ಹೆಬ್ಬೆರಳಿಗೆ ಹಚ್ಚಿದ.

"ಒತ್ತು ತಂಗಿ" ಅಂದ. "ಇದು ಬಣ್ಣ ಬಿಡೂದಿಲ್ಲ."