ಆಂಗ್ರೋನ್ಯದ ದಿಬ್ಬಕ್ಕೆ ಬೆಂಕಿ

೧೮೪೮ರ ಫೆಬ್ರವರಿಯ ಆ ಮುಸ್ಸಂಜೆ ಎದುರುಗುಡ್ಡದ ನೆತ್ತಿಯಲ್ಲಿ ಬೆಂಕಿ ಕಂಡದ್ದೇ ತಡ, ಜುದೀತಳ ಜೀವ ಕುಣಿದಾಡಿತು. ತೂರಿನ್ ಪಟ್ಟಣದ ಕತೋಲಿಕ ಅರಸ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದ. ಇನ್ನು ಅವಳ ವಾಲ್ದೋ ಪಂಥದ ಪ್ರೊಟೆಸ್ಟೆಂಟರೂ ಕಣಿವೆ ದಾಟಿ ಹೊಲ ಕೊಳ್ಳಬಹುದು, ದೊಡ್ಡ ಶಾಲೆಗಳಲ್ಲಿ ಓದಬಹುದು. ಸುದ್ದಿಯನ್ನು ಗುಡ್ಡದಿಂದ ಗುಡ್ಡಕ್ಕೆ ಬೆಂಕಿಯಲ್ಲೇ ದಾಟಿಸಿ ಎಂದು ಚರ್ಚಿನ ಸಭಾಪಾಲಕರು ಹೇಳಿಕಳಿಸಿದ್ದರು. ಆಂಗ್ರೋನ್ಯದ ಈ ದಿಬ್ಬ ಉರಿಯದಿದ್ದರೆ ಅದರ ಹಿಂದಿನ ಮೇಲ್ಕಣಿವೆಗೆ ಏನೂ ಕಾಣದು. ಜುದೀತಳ ಅಕ್ಕ ಮಾರ್ತ ಹಿಮ ಕಟ್ಟಿದ ಆ ಕಣಿವೆಯಲ್ಲೇ ಇದ್ದಳು. ಊರವರೆಲ್ಲ ಹಬ್ಬ ಮಾಡಲು ಕೆಳಗಿನ ಪೇಟೆಗೆ ಇಳಿದಿದ್ದರು. ದಿಬ್ಬದ ಸೌದೆ ಹೊತ್ತಿಸುವ ಕೆಲಸವನ್ನು ಜುದೀತ ಹಟ ಮಾಡಿ ತಾನೇ ಪಡೆದಿದ್ದಳು.

ಕೆಂಡಕ್ಕೆಂದು ಮನೆಗೆ ಓಡಿದರೆ ಒಲೆಯಲ್ಲಿ ಒದ್ದೆ ಬೂದಿ. ಪಕ್ಕದ ಮನೆಗಳಲ್ಲೂ ಅದೇ. ಅಜ್ಜಿ ಮದ್ಲೇನ ಖಾಲಿ ಕೊಡ ಹಿಡಿದು, ಸೊಂಟಕ್ಕೆ ಬೈಬಲ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲರ ಒಲೆಗೂ ನೀರು ಹೊಯ್ದಿದೀನಿ ಕಣೇ. ಹೊಗೆ ಕಂಡ್ರೆ ಸಿಪಾಯಿಗಳು ಸೀದಾ ಬಂದ್ಬಿಡ್ತಾರೆ. ನಡಿ ಗವಿಗೆ."

"ಯಾವ ಸಿಪಾಯಿ ಅಜ್ಜಿ? ಅರಸ ಬಿಡುಗಡೆ ಕೊಟ್ಟ ಅಂತ ಆಗ್ಲೇ ಹೇಳಿದ್ನಲ್ಲ."

"ಅರಸರು ಮುಂಚೇನೂ ಮಾತು ಕೊಟ್ಟು ಮುರಿದಿದ್ರು. ಗುಡ್ಡದ ಮೇಲೆ ಬೆಂಕಿ ಅಂದ್ರೆ ಏನು ಅಂತ ತೊಟ್ಟಿಲಲ್ಲೇ ಹೇಳ್ಕೊಟ್ಟಿಲ್ವಾ ನಿಂಗೆ?"

ಹೇಳಿಕೊಟ್ಟಿದ್ದಳು. ಗುಡ್ಡದ ಮೇಲೆ ಬೆಂಕಿ ಎಂದರೆ ನಮ್ಮವರನ್ನು ಕೊಲ್ಲಲು ಸಿಪಾಯಿಗಳು ಬರುತ್ತಿದ್ದಾರೆ ಎಂದು. ಅದು ಕಂಡರೆ ಒಲೆ ಆರಿಸು, ಮಗುವಿನ ಬಾಯಿ ಮುಚ್ಚು, ಗವಿ ಸೇರು. ಅಜ್ಜಿಗೆ ಅವಳ ಅಜ್ಜಿ ಹೇಳಿದ ಆ ಕಥೆಗಳನ್ನು ಉಂಡೇ ಜುದೀತ ಬೆಳೆದಿದ್ದಳು. ಮಣ್ಣಿನ ಗಡಿಗೆ ಎತ್ತಿಕೊಂಡು ಇಳಿಜಾರಿನಲ್ಲಿ ಬಿದ್ದೆದ್ದು ಕತೋಲಿಕರ ಒಂಟಿಮನೆಯ ಕಡೆ ಓಡಿದಳು.

"ಅವರ ಮನೆಗಾ? ಬುದ್ಧಿ ನೆಟ್ಟಗಿದೆಯಾ?" ಅಜ್ಜಿಯ ದನಿ ಬೆನ್ನಟ್ಟಿತು.

ಆ ಮನೆಯೊಡತಿ ತೆರೇಜ ಮೆಕ್ಕೆಜೋಳದ ಹಿಟ್ಟಿನ ಅಂಬಲಿ ತಿರುವುತ್ತಿದ್ದಳು. "ಅರಸ ನಿಮಗೆ ಹಬ್ಬ ಕೊಟ್ಟ. ಬೆಂಕೀನೂ ನಾವೇ ಕೊಡ್ಬೇಕೇನು ತಾಯಿ?" ಎನ್ನುತ್ತಲೇ ಗಡಿಗೆಗೆ ಕೆಂಡ ತುಂಬಿದಳು. "ನಮ್ಮ ಪಾದ್ರಿ ಕೇಳಿದ್ರೆ, ಕಳ್ಳಿ ಬಂದು ಕದ್ಕೊಂಡು ಹೋದ್ಲು ಅಂತೀನಿ."

"ಅನ್ನಿ ಅತ್ತೆ. ಜೋರಾಗೇ ಅನ್ನಿ."

ದಿಬ್ಬ ಹತ್ತಿದರೆ ಅಜ್ಜಿ ಆಗಲೇ ಬಂದು ಸೌದೆಗೆ ಅಡ್ಡ ನಿಂತಿದ್ದಳು. ಗಾಳಿಗೆ ಕೆಂಡ ಕಪ್ಪಾಗುತ್ತಿತ್ತು.

"ಹಚ್ಬೇಡ ಮಗಾ. ನಾವಿಲ್ಲಿದೀವಿ ಅಂತ ಲೋಕಕ್ಕೆಲ್ಲ ಗೊತ್ತಾಗುತ್ತೆ."

"ಗೊತ್ತಾಗ್ಲಿ ಅಂತಾನೇ ಅಜ್ಜಿ. ಅಕ್ಕನ ಕಣಿವೆ ಒಂದೇ ಕತ್ತಲಲ್ಲಿ ಇರ್ಬೇಕಾ?"

ಅಜ್ಜಿ ತಿರುಗಿ ನೋಡಿದಳು. ಅಷ್ಟರಲ್ಲಿ ಗುಡ್ಡಗುಡ್ಡದಲ್ಲೂ ಬೆಂಕಿ. ಕೆಳಗಿನಿಂದ ಕೀರ್ತನೆ ಏರಿ ಬರುತ್ತಿತ್ತು, ಗಂಟಲು ಬಿಚ್ಚಿ, ಯಾರ ಹೆದರಿಕೆಯೂ ಇಲ್ಲದೆ. ಅಜ್ಜಿ ಕೇಳಿಸಿಕೊಂಡಳು. ಆಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತು ಶಾಲು ಅಗಲಿಸಿ ಹಿಡಿದಳು. "ಊದು. ನನ್ನ ಮುಖ ಏನ್ ನೋಡ್ತೀಯ? ಕೆಂಡ ಆರುತ್ತೆ."

ಒಣಹುಲ್ಲು ಹೊಗೆಯಾಡಿತು, ಕೊಂಬೆ ಚಟಚಟ ಸಿಡಿಯಿತು, ಉರಿ ಇಬ್ಬರನ್ನೂ ಮೀರಿ ಎದ್ದಿತು. ಜುದೀತ ಮೇಲ್ಕಣಿವೆಯನ್ನೇ ದಿಟ್ಟಿಸಿದಳು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಕಡೆಗೆ ಹಿಮದ ನಡುವೆ ಸಾಸಿವೆಯಷ್ಟು ಬೆಳಕು ಮೂಡಿ, ಅಲುಗಿ, ಹಿಗ್ಗಿತು.

"ನೋಡಿದ್ಲು ಅಜ್ಜಿ, ಅಕ್ಕ ನೋಡಿದ್ಲು."

ಅಜ್ಜಿ ಕಣ್ಣು ಕಿರಿದು ಮಾಡಿದಳು. "ಬೆಳಕು ಮಿಣುಕ್ತಿದೆಯಲ್ಲೇ. ಯಾರೋ ಅಡ್ಡಡ್ಡ ಓಡ್ತಿದಾರೆ."

"ಓಡ್ತಿಲ್ಲ. ಕುಣೀತಿದಾರೆ."

"ಕುಣಿಯೋದಾ? ದೇವರ ಸಭೆಯ ಜನ ಕುಣೀತಾರಾ? ನಾಚಿಕೆಗೆಟ್ಟವು," ಎಂದು ಗೊಣಗುತ್ತ ಅಜ್ಜಿ ಇನ್ನೊಂದು ಕೊಂಬೆಯನ್ನು ಬೆಂಕಿಗೆ ಎಸೆದಳು.